ತಗಡು ಬಡಿದ ಅರವತ್ತು ಗಿಡ

ಅಮೀನಗಡದಲ್ಲಿ ಬಸ್ಸು ನಿಂತಾಗ ಇಳಿದು ಕರದಂಟು ತಿನ್ನದವರು ನಮ್ಮ ಕಡೆ ಯಾರಿದ್ದಾರೆ ಹೇಳ್ರಿ. ಆದರೆ ಅದರೊಳಗೆ ಹಲ್ಲಿಗೆ ಸಿಕ್ಕಿ ಕುರುಂ ಅನ್ನುವ ಅಂಟು ಯಾವ ಗಿಡದ್ದು, ಆ ಗಿಡ ಇನ್ನೂ ಜೀವ ಹಿಡಿದೈತೋ ಇಲ್ಲೋ ಅಂತ ಕೇಳಿದವಳು ಹುನಗುಂದ ಕೋರ್ಟಿನ ಜವಾನರ ಮಗಳು ಮಹೇಶ್ವರಿ. ಕೇಳಿ ಸುಮ್ಮನಾಗಲಿಲ್ಲ. ಕಾಡಿನ ವಿಷಯವನ್ನೇ ಓದಿದಳು, ಸಂಶೋಧನೆಗೆ ಸೇರಿದಳು, ಬಾದಾಮಿ ಕಡೆಯ ಗುಡ್ಡವೊಂದರ ಬುಡದಲ್ಲಿ ಆ ಅಂಟು ಕೊಡುವ ಅರವತ್ತು ದಿಂಡಲ ಗಿಡ ಆರಿಸಿ ಒಂದೊಂದಕ್ಕೂ ನಂಬರಿನ ತಗಡು ಬಡಿದಳು.

ಬೇಸಿಗೆ ಬಂತೆಂದರೆ ಅಂಟು ತೆಗೆಯುವ ಹೆಂಗಸರು ಕುಡಗೋಲಿನಿಂದ ತೊಗಟೆಗೆ ಕಚ್ಚು ಹಾಕುತ್ತಾರೆ. ಅದರಿಂದ ಅಂಟು ಒಸರುತ್ತದೆ. ಎಷ್ಟು ಕಚ್ಚು ಬಿದ್ದಿವೆ, ಎಷ್ಟು ಮಾಯ್ದಿವೆ, ಗಿಡ ಎಷ್ಟು ದಪ್ಪವಾಯಿತು, ಟೇಪು ಹಿಡಿದು ಬರೆದುಕೊಳ್ಳುವುದೇ ಮಹೇಶ್ವರಿಯ ಕೆಲಸ. ಮೂರು ವರ್ಷ ಬರೆದಳು. ಹೊಸ ಕಚ್ಚು ವರ್ಷದಿಂದ ವರ್ಷಕ್ಕೆ ಕಡಿಮೆ. ಮೊದಲ ವರ್ಷ ತಾನೇ ಆ ಹೆಂಗಸರನ್ನು ಕೂಡಿಸಿ, ಹಗುರಾಗಿ ಕಚ್ಚು ಹಾಕ್ರಿ ಅಂತ ತಿಳಿಹೇಳಿದ್ದಳಲ್ಲ, ಮಾತು ನಾಟಿತು ಅಂತ ಒಳಗೊಳಗೇ ಉಬ್ಬಿದಳು. ಈಗಿನಂತೆ ಅಂಟು ತೆಗೆದರೆ ಗಿಡಕ್ಕೆ ಧಕ್ಕೆಯಿಲ್ಲ ಅಂತ ವರದಿಯನ್ನೂ ಬರೆದಿಟ್ಟಳು. ಸೋಮವಾರ ಬಾಗಲಕೋಟೆಯಲ್ಲಿ ಸಭೆ. ಈ ವರದಿ ನೋಡಿಯೇ ಅರಣ್ಯ ಅಧಿಕಾರಿಗಳು ಮುಂದಿನ ಐದು ವರ್ಷಕ್ಕೆ ಅಂಟು ತೆಗೆಯುವ ಪರವಾನಗಿ ಕೊಡುವವರು.

ಶನಿವಾರ ಬೆಳಿಗ್ಗೆ ಫೋಟೋ ಬೇಕೆಂದು ಗುಡ್ಡಕ್ಕೆ ಹೋದಳು. ಅಂಟು ತೆಗೆಯುವ ಲಗಮವ್ವ ಕುಡಗೋಲು ಹಿಡಿದು ಎದುರಿಗೆ ಬಂದಳು. ಇಪ್ಪತ್ತೇಳನೇ ನಂಬರಿನ ಗಿಡದ ತನಕ ಬಂದವಳು, ಯಾರದೋ ಅಂಗಳ ಬಳಸಿ ಹೋಗುವವರಂತೆ ಬದಿಗೆ ಸರಿದು ಮೇಲೆ ಹತ್ತತೊಡಗಿದಳು.

"ಅವ್ವಾ, ನಿಂದರಬೇ. ಈ ಗಿಡ ಯಾಕ ಬಿಟ್ಟಿ?"

"ಅದು ನಿಂದಲ್ಲೇನ ತಂಗಿ?"

"ನಂದ್ಯಾಕ ಆಗತೈತಿ?"

"ಗುರುತು ಇಟ್ಟೀಯಲ್ಲ! ನಾವು ಚಿಂದಿ ಕಟ್ಟತೇವಿ, ನೀ ಕಲತಾಕಿ, ತಗಡ ಬಡದಿ. ಒಬ್ಬರು ಗುರುತು ಇಟ್ಟ ಗಿಡಕ್ಕ ಇನ್ನೊಬ್ಬರು ಕೈ ಹಚ್ಚೂದಿಲ್ಲ. ಮೊದಲಿಗೆ ಯಾರೋ ಗೊತ್ತಿಲ್ಲದವರು ಒಂದೆರಡು ಕಚ್ಚು ಹಾಕಿದ್ರು, ನಾನೇ ಬೈದು ಬಿಡಿಸಿದೆ." ಲಗಮವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. "ಮೂರು ವರ್ಷ ಆತು, ಒಂದು ಹಳ್ಳು ಅಂಟು ಒಯ್ಲಿಲ್ಲ ನೀ. ಅರವತ್ತು ಗಿಡ ಹಿಡಕೊಂಡು ಖಾಲಿ ಕೈಲೆ ಹೋಗತಾಳ, ಎಂಥಾ ಹುಚ್ಚಿ ಅಂತ ನಗತಿದ್ವಿ."

ಮಹೇಶ್ವರಿಗೆ ನಗು ಬರಲಿಲ್ಲ. ಯಾರೂ ಮುಟ್ಟದ ಗಿಡಗಳನ್ನು ಅಳೆದು, ಮುಟ್ಟಿದರೂ ಧಕ್ಕೆಯಿಲ್ಲ ಅಂತ ಬರೆದಿದ್ದಳು. ಖರೆ ಹೇಳಿದರೆ ಪರವಾನಗಿ ನಿಂತೀತು, ಇಂಥ ಮೂವತ್ತು ಹೆಂಗಸರ ಬೇಸಿಗೆಯ ದುಡಿಮೆ ಹೋದೀತು. ಹೇಳದಿದ್ದರೆ? ಗುಡ್ಡದ ಮೇಲೆ ಇವರು ಕಚ್ಚು ಹಾಕುವ ಗಿಡಗಳು ಏನಾಗಿವೆಯೋ, ಅವಳು ಕಣ್ಣೆತ್ತಿಯೂ ನೋಡಿರಲಿಲ್ಲ.

"ಮ್ಯಾಲಿನವು ತೋರಸಬೇ."

ಲಗಮವ್ವನ ನಗು ನಿಂತಿತು. "ನೋಡಿ ಬರೀತೀಯೇನು?"

"ಬರೀತೇನಿ."

"ಬರದ್ರ ಬಂದ್ ಮಾಡತಾರೇನು?"

"ಮಾಡಬಹುದು. ನನಗೂ ಅಂಜಿಕಿ ಬರಾಕತ್ತೇತಿ, ಅವ್ವಾ."

ಲಗಮವ್ವ ಕುಡಗೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ದಾರಿಯತ್ತ ನೋಡಿದಳು. ಆಮೇಲೆ, "ಬಾ. ನಾ ಒಬ್ಬಾಕೆ ನೋಡಿ ನೋಡಿ ಸಾಕಾಗೇತಿ" ಅಂದಳು.

ಮೇಲೆ ಗಿಡಗಿಡಕ್ಕೂ ಚಿಂದಿ. ಹಳೆಯ ಕಚ್ಚು ಮಾಯುವ ಮೊದಲೇ ಅದರ ಮೇಲೆ ಹೊಸ ಕಚ್ಚು. ತುದಿಗಳು ಒಣಗಿದ್ದವು. ಬೂದಿ ಬಣ್ಣದ ಒಂದು ಬೋಳು ಗಿಡಕ್ಕೆ ಲಗಮವ್ವ ಕೈಯಾನಿಸಿ ನಿಂತಳು. "ಇದು ನಮ್ಮತ್ತಿದು. ಆಮ್ಯಾಲ ನಂದಾತು. ಹ್ವಾದ ವರ್ಷ ಚಿಗೀಲಿಲ್ಲ."

ಮಹೇಶ್ವರಿ ವಹಿ ತೆರೆದಳು. ಏನು ಬರೆಯಬೇಕೋ ತಿಳಿಯದೆ ಹಾಗೇ ಹಿಡಿದುಕೊಂಡಳು.

"ಹಂಗ ಯಾಕ ನಿಂತಿ?" ಅಂದಳು ಲಗಮವ್ವ. "ನಿನ್ನವು ಮೂರು ವರ್ಷ ಕುಂತು ಉಂಡು ಮೈ ತುಂಬ್ಯಾವು. ಅವನ್ನ ನಮಗ ಕೊಡು. ಇವಕ್ಕ ನಿನ್ನ ತಗಡ ಬಡಿ, ಯಾರೂ ಮುಟ್ಟೂದಿಲ್ಲ."

ಮಹೇಶ್ವರಿ ಅವಳ ಮುಖವನ್ನೇ ನೋಡಿದಳು. ಕಚ್ಚು ಹಾಕದೆ ಬಿಟ್ಟರೆ ಗಿಡ ಮಾಯುತ್ತದೆ, ಮೂರು ವರ್ಷದ ಲೆಕ್ಕ ಹೇಳುವುದು ಅದನ್ನೇ. ಆದರೆ ಬಿಡದ ಗಿಡಗಳ ಅಳತೆ ಎಲ್ಲಿದೆ? ಅದಿಲ್ಲದೆ ಅಧಿಕಾರಿಗಳು ಈ ಅದಲುಬದಲಿಗೆ ಒಪ್ಪುತ್ತಾರೆಯೇ? ಅದಿದ್ದರೂ ಒಪ್ಪುತ್ತಾರೆಯೇ? ಉಳಿದಿದ್ದು ಎರಡೇ ದಿನ.

ಟೇಪಿನ ಒಂದು ತುದಿ ಲಗಮವ್ವ ಹಿಡಿದಳು, ಇನ್ನೊಂದು ಇವಳು. ಹೊತ್ತು ಇಳಿಯುವಷ್ಟರಲ್ಲಿ ಇಪ್ಪತ್ತಮೂರು ಗಿಡ ಆದವು. ಆಗ ಅವಳ ಸಂಶೋಧನೆಯ ಗೈಡ್ ಸಾಹೇಬರ ಫೋನು ಬಂತು, ವರದಿ ಇನ್ನೂ ಯಾಕೆ ಮುಟ್ಟಿಲ್ಲ ಅಂತ.

"ಸರ್ರ, ನಾ ಬರದದ್ದು ತಪ್ಪಾಗೇತ್ರಿ. ಸೋಮವಾರ ಬ್ಯಾರೆ ತರ್ತೇನ್ರಿ."

ಫೋನು ಕಟ್ಟಾಯಿತೋ, ಅವರೇ ಇಟ್ಟರೋ.

"ಬೈದ್ರೇನ?"

"ಇನ್ನೂ ಇಲ್ಲ."

"ಹಂಗಾದ್ರ ಬೆಳಕ ಇರೂದ್ರಾಗ ಇನ್ನೊಂದು ಅಳಿ" ಅಂದಳು ಲಗಮವ್ವ, ಟೇಪು ಎಳೆದು.