ಪಕ್ಕದ ಮನೆಯ ಆಂಟಿಯ ಲ್ಯಾಟಿನ್ ಪುಸ್ತಕ

ಇವತ್ತು ಬಟ್ಟೆ ಒಗೆದೆ, ದೋಸೆಗೆ ಅಕ್ಕಿ ನೆನೆಹಾಕಿದೆ, ಕಸದ ಬಿನ್ ಹೊರಗಿಟ್ಟೆ. ಪಕ್ಕದ ಗೇಟು ಕಂಡು, ಹಿಂದೆ ಅಲ್ಲಿದ್ದ ಇಂಗ್ಲಿಷ್ ಆಂಟಿಯ ನೆನಪಾಯಿತು.

ಸ್ಯಾಲಿಸ್‌ಬರಿಯ ಆ ಮನೆಯಲ್ಲಿ ಲ್ಯಾಟಿನ್ ಪ್ರಾರ್ಥನೆಗಳ ಪುಸ್ತಕವೊಂದಿತ್ತು. ನೂರಾರು ವರ್ಷಗಳ ಹಿಂದೆ ತೊಗಲಿನ ಹಾಳೆಗಳ ಮೇಲೆ ಕೈಯಲ್ಲಿ ಬರೆದದ್ದು. ಅದರ ಹಳೆಯ ಒಡೆಯರನ್ನು ಆಂಟಿ ಪುಟಗಳ ಮೇಲಿನ ಕಲೆಗಳಿಂದಲೇ ಗುರುತಿಸುತ್ತಿದ್ದರು: "ಈ ಮೇಣ ಒಬ್ಬ ಪಾದ್ರಿಯದು, ಈ ವೈನ್ ನಮ್ಮಜ್ಜನದು." ಅದನ್ನೊಮ್ಮೆ ಹಿಡಿಯುವ ಆಸೆ ನನಗೆ. ನಾಲ್ಕು ವರ್ಷ ಸಾರು ಕೊಟ್ಟು ಬಂದರೂ "ಕೈ ಒಣಗಿದೆಯಾ, ಡಿಯರ್?" ಎಂದು ಕೇಳಿ, ಪುಟಗಳನ್ನು ತಾವೇ ತಿರುವುತ್ತಿದ್ದರು.

ಪರ್ತ್‌ನಿಂದ ಬಂದ ನನ್ನ ಓರಗಿತ್ತಿಯ ಕೈಗೆ ಮೊದಲ ದಿನವೇ ಪುಸ್ತಕ ಕೊಟ್ಟರು. ಅವಳು ಅಭ್ಯಾಸಬಲದಿಂದ ಕಣ್ಣಿಗೊತ್ತಿಕೊಂಡಳು. ತೆರೆದ ಪುಟದ ಅಂಚಿಗೆ ಹಣೆಯ ಕುಂಕುಮ ಹತ್ತಿತು.

"ಅಯ್ಯೋ ಅಕ್ಕ, ಏನ್ ಮಾಡ್ಬಿಟ್ಟೆ ನಾನು!"

ಬೈಯಲಿ ಎಂದು ಕಾದೆ. ಆಂಟಿ ಕನ್ನಡಕ ಏರಿಸಿ ನೋಡಿ ನಕ್ಕರು. "ಇರಲಿ ಬಿಡು. ಇನ್ನು ಇದು ನಿನ್ನದೂ ಹೌದು."

ಅಂದು ಅನ್ನ, ಹುರುಳಿಕಾಯಿ ಪಲ್ಯ ಉಂಡೆವು. ಓರಗಿತ್ತಿ ಮೊದಲು ನಿದ್ದೆಹೋದಳು. ನಾನು ಹಣೆಯ ಸ್ಟಿಕ್ಕರ್ ಕಿತ್ತು ಕನ್ನಡಿಗೆ ಅಂಟಿಸಿದೆ. ಅದು ಎಲ್ಲಿಯೂ ಬಣ್ಣ ಬಿಡುವಂಥದ್ದಲ್ಲ.