ಹಳದಿ ಅಕ್ಷರ, ಕರಿ ಪಟ್ಟಿ

ವಿಜಯಪುರದಲ್ಲಿ ನನ್ನದು ಮದುವೆ ವಿಡಿಯೋ ಎಡಿಟಿಂಗ್ ಅಂಗಡಿ. ಊರು ಬಬಲೇಶ್ವರ. ಅವ್ವನಿಗೆ ಕಿವಿ ಕೇಳಿಸುವುದಿಲ್ಲ. ಯಾವಾಗಲೋ ಬಂದ ಜ್ವರ ಹೋಗುವಾಗ ಕಿವಿಯನ್ನೂ ಒಯ್ದಿತು. ಎರಡನೇ ಸಲ ಕೇಳಿದರೆ ಮನೆಯವರೆಲ್ಲ ಸಿಡುಕುತ್ತಿದ್ದೆವು, ನಾನಂತೂ ಎಲ್ಲರಿಗಿಂತ ಮೊದಲು. ಹಾಗಾಗಿ ಯಾರು ಏನಂದರೂ ನಕ್ಕು ತಲೆಯಾಡಿಸುವುದನ್ನು ಕಲಿತುಬಿಟ್ಟಳು.

ತಂಗಿಯನ್ನು ಕನಮಡಿಗೆ ಕೊಟ್ಟೆವು. ಗಂಡನ ಮನೆಗೆ ಹೊರಡುವಾಗ ಅವಳು ಅವ್ವನನ್ನು ತಬ್ಬಿಕೊಂಡು ಅಳುತ್ತ ಏನೋ ಹೇಳಿದಳು. ಅವ್ವ ತಲೆಯಾಡಿಸಿದಳು. ಮರುದಿನ ನನ್ನ ಮುಂದೆ ಬಂದು ಕುಳಿತಳು.

"ಅಕಿ ಏನಂದ್ಲು, ಅದನ್ನ ವಿಡಿಯೋದಾಗ ಬರದು ಹಾಕಪಾ. ಅಕಿ ಮಾರಿ ನೋಡಕೋತ ಓದ್ತೇನಿ."

ಬರೆದು ಹಾಕಿದೆ. ಹೇಗೆ ಅಂತೀರಿ? ಹಳದಿ ಅಕ್ಷರ, ಅದಕ್ಕೆ ಬಂಗಾರದ ಅಂಚು, ಸುತ್ತ ಉದುರುವ ಗುಲಾಬಿ ಪಕಳೆ. ತಂಗಿಯ ಹಳದಿ ಸೀರೆಯ ಮೇಲೇ ಬಂದು, ಕಣ್ಣು ಮಿಟುಕಿಸುವುದರೊಳಗೆ ಮಾಯ. ಕರಿ ಪಟ್ಟಿಯ ಮೇಲೆ ಬಿಳಿ ಅಕ್ಷರ ಹಾಕಿದರೆ ಚೆನ್ನಾಗಿ ಕಾಣುತ್ತದೆಂದು ಗೊತ್ತಿತ್ತು. ಆದರೆ ನಮ್ಮ ಕಡೆ ಅದು ಸತ್ತವರ ಬ್ಯಾನರಿಗೆ. ಮದುವೆ ವಿಡಿಯೋದಲ್ಲಿ ಹಾಕಿದರೆ ಅಪಶಕುನ. ಅವ್ವ ನೋಡಿ, ನಕ್ಕು ತಲೆಯಾಡಿಸಿದಳು. ಓದಿದಳು ಅಂದುಕೊಂಡೆ, ಬರೆದು ತೋರಿಸಿದ್ದನ್ನು ತಂಗಿಗೂ ಫೋನಿನಲ್ಲಿ ಹೇಳಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಚ್ಚ.

ತಂಗಿ ಹೇಳಿದ್ದು ಇಷ್ಟೇ: "ಪಂಚಮಿಗೆ ಕರಿಯಾಕ ನೀನ ಬಾ ಬೇ, ಅಣ್ಣನ್ನ ಕಳಸಬ್ಯಾಡ."

ನಾಗರ ಪಂಚಮಿ ಬಂತು. ಅವ್ವ ಹೊರಡಲಿಲ್ಲ. ಮೊಣಕಾಲು ನೋವಿರಬೇಕೆಂದು, ತಂಗಿಯನ್ನು ತವರಿಗೆ ಕರೆತರಲು ಅಣ್ಣ ಹೋಗುವ ವಾಡಿಕೆಯಂತೆ ನಾನೇ ಹೋದೆ. ತಂಗಿ ನನ್ನ ಹಿಂದೆ ನೋಡಿದಳು, ಯಾರೂ ಇರಲಿಲ್ಲ.

"ಅವ್ವಗ ಓದಾಕ ಕೊಟ್ಟಿದ್ದಿಲ್ಲ?"

"ಕೊಟ್ಟೇನಿ. ಓದ್ಯಾಳ."

ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಮುಂದಿನ ಎರಡು ಪಂಚಮಿಗೂ ಅದೇ ಕತೆ. ಅತ್ತೆಮನೆಯವರು ಕಳಿಸುವುದಿಲ್ಲವೇನೋ ಎಂದು ಅವ್ವ ಡಬ್ಬಿ ತುಂಬ ಉಂಡಿ ಕಟ್ಟಿಕೊಡುತ್ತಿದ್ದಳು. ಓದಿ ಗೊತ್ತಿದ್ದೂ ಕರೆಯಲು ಹೋಗದ ಅವ್ವನಿಗೆ ಏನು ಬಿಡಿಸಿ ಹೇಳುವುದು ಎಂದು ನಾನೂ ಮುನಿಸಿಕೊಂಡು ಸುಮ್ಮನಿದ್ದೆ.

ಈ ವರ್ಷ ಒಂದು ದಿನ ಅವ್ವ ಅಂಗಡಿಯಲ್ಲಿ ಕುಳಿತಿದ್ದಳು. ರಸ್ತೆಯಾಚೆ ಯಾರದೋ ಶ್ರದ್ಧಾಂಜಲಿ ಬ್ಯಾನರ್, ಕಪ್ಪಿನ ಮೇಲೆ ಬಿಳಿ ಅಕ್ಷರ. ಅವ್ವ ಕೂತಲ್ಲಿಂದಲೇ ಗಡಗಡ ಓದಿದಳು. ನನಗೆ ಆ ಹಳದಿ ಅಕ್ಷರ ನೆನಪಾಯಿತು. ಆಗಲೇ ಆ ವಿಡಿಯೋ ತೆಗೆದು ಕರಿ ಪಟ್ಟಿ ಹಾಕಿದೆ; ದಪ್ಪ ಬಿಳಿ ಅಕ್ಷರ, ಓದಿ ಮುಗಿಯುವ ತನಕ ನಿಲ್ಲುವಂತೆ. ಅವ್ವ ಓದಿದಳು. ಇನ್ನೊಮ್ಮೆ ಓದಿದಳು.

"ಎಷ್ಟು ಪಂಚಮಿ ಹೋದೂವು?"

ಮೂರು ಬೆರಳು ತೋರಿಸಿದೆ.

"ಆ ಹಳದಿ ಏನೂ ಕಾಣ್ತಿರಲಿಲ್ಲಪಾ. ತಿರುಗಿ ಕೇಳಿದ್ರ ನೀ ಸಿಟ್ಟಾಗ್ತಿ."

ಅವತ್ತೇ ತಿಕೋಟಾ ಮೇಲೆ ಹೋಗುವ ಬಸ್ಸು ಹತ್ತಿದೆವು. ಕನಮಡಿಯಲ್ಲಿ ತಂಗಿ ಬಾಗಿಲಲ್ಲೇ ನಿಂತು, "ಈಗ್ಯಾಕ ಬಂದಿ?" ಎಂದಳು. ಅವ್ವ ನಕ್ಕು ತಲೆಯಾಡಿಸಿದಳು. ಆಮೇಲೆ, ಏನಂದಳು ಎನ್ನುವ ಹಾಗೆ ನನ್ನ ಕಡೆ ತಿರುಗಿದಳು. ಮೊಬೈಲಿನ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ದಪ್ಪಗೆ ಬರೆದು ಹಿಡಿದೆ. ಅವ್ವ ಒಂದೇ ನೋಟಕ್ಕೆ ಓದಿದಳು.