ಟೆನೊಚ್ಟಿಟ್ಲಾನಿನ ಕೆರೆಗೆ ನೀರು ಬಿಟ್ಟ ದಿನ

ನೀರು ಸೋರಬಹುದಿತ್ತು. ಪಂಪು ಕೈಕೊಡಬಹುದಿತ್ತು. ಪುಟ್ಟ ಮಗುವೊಂದು ದೇವಾಲಯ ಕಿತ್ತು ಬಾಯಿಗಿಟ್ಟುಕೊಳ್ಳಬಹುದಿತ್ತು. ಮ್ಯೂಸಿಯಂನ ಮರದ ನೆಲ ಉಬ್ಬಿ, ಅದರ ಜೊತೆ ನನ್ನ ಕೆಲಸವೂ ಹೋಗಬಹುದಿತ್ತು. 1996ರಲ್ಲಿ ನಾನು ಮೇರಿಲ್ಯಾಂಡಿನ ಕೊಲಂಬಿಯಾದ ಸಣ್ಣ ಕಂಪನಿಯೊಂದರಲ್ಲಿ ನೀರಾವರಿ ಎಂಜಿನಿಯರ್. ಚಿಂತೆ ಮಾಡುವುದಕ್ಕೂ ಬಡ್ತಿ ಕೊಡುವುದಾಗಿದ್ದರೆ ಅಷ್ಟರಲ್ಲಿ ಡೈರೆಕ್ಟರ್ ಆಗಿರುತ್ತಿದ್ದೆ.

ವಾಷಿಂಗ್ಟನ್ನಿನ ಮ್ಯೂಸಿಯಂ ಒಂದಕ್ಕೆ ಐನೂರು ವರ್ಷ ಹಿಂದಿನ ಅಜ್ಟೆಕ್ ರಾಜಧಾನಿ ಟೆನೊಚ್ಟಿಟ್ಲಾನಿನ ಮಾದರಿ ಬೇಕಿತ್ತು; ಕೆಲಸ ನಮ್ಮ ಕಂಪನಿಗೆ ಬಂತು. ಕೆರೆಯ ಜಾಗದಲ್ಲಿ ನೀಲಿ ಬಳಿದ ಹಲಗೆ ಸಾಕು ಎಂದಿದ್ದರು. ನಿಜವಾದ ನೀರೇ ಇರಲಿ ಎಂದು ಹಟ ಹಿಡಿದವನು ನಾನು. ಆ ಊರೇ ಹಾಗಿತ್ತು. ಸುತ್ತ ಬೆಟ್ಟ, ನೀರು ಹೊರಹೋಗಲು ದಾರಿಯಿಲ್ಲದ ಎತ್ತರದ ಕಣಿವೆ, ಅದರೊಳಗೊಂದು ಕೆರೆ, ಕೆರೆಯೊಳಗಿನ ದ್ವೀಪದ ಮೇಲೆ ನಗರ. ದಡ ಸೇರಲು ನೀರಿನಲ್ಲೇ ಎತ್ತರಿಸಿ ಕಟ್ಟಿದ ರಸ್ತೆಗಳು. ಕುಡಿಯುವ ನೀರು ಚಪುಲ್ಟೆಪೆಕ್ ಬೆಟ್ಟದ ಬುಗ್ಗೆಗಳಿಂದ ಮೇಲ್ಗಾಲುವೆಯಲ್ಲಿ ಬರುತ್ತಿತ್ತು. ಕೆಸರು ಪೇರಿಸಿ ಮಾಡಿದ ಚಿನಾಂಪಾ ಎಂಬ ತೋಟಗಳಲ್ಲಿ ಮುಸುಕಿನ ಜೋಳ. ಪೂರ್ವದ ಉಪ್ಪುನೀರು ನುಗ್ಗದಂತೆ ಮೈಲುಗಟ್ಟಲೆ ಉದ್ದದ ಏರಿ. ಇಷ್ಟನ್ನೂ ಕಟ್ಟಿದವರ ಬಳಿ ಕಬ್ಬಿಣವಿರಲಿಲ್ಲ, ಗಾಡಿಯೂ ಇರಲಿಲ್ಲ. ಏರಿಯ ನಕ್ಷೆ ಬರೆಯುವಾಗ ನಂಬಲಾಗದೆ ಅದರ ಉದ್ದವನ್ನು ಎರಡು ಸಲ ಲೆಕ್ಕ ಹಾಕಿ ನೋಡಿದ್ದೆ.

ಕ್ಯುರೇಟರ್ ಲಿಂಡಾ ಒಂದು ಷರತ್ತಿನ ಮೇಲೆ ಒಪ್ಪಿದರು. ಉದ್ಘಾಟನೆಯ ಬೆಳಿಗ್ಗೆ ಪರೀಕ್ಷೆ. ಒಂದು ಹನಿ ಸೋರಿದರೂ ನೀರು ಬಸಿದು ಹಲಗೆ ಹಾಕುವುದು.

ಅಂದು ಪೂರ್ವದ ನೀರಿಗೆ ಹಸಿರು ಬಣ್ಣ ಬೆರೆಸಿದೆವು, ಏರಿ ದಾಟಿದರೆ ಕಾಣಲಿ ಎಂದು. ನಾನು ಮಂಡಿಯೂರಿ ನೆಲ ಸವರಿ ಸವರಿ ನೋಡುತ್ತಿದ್ದೆ.

“ಏಳ್ರೀ ಸಾಕು,” ಎಂದ ಸಹೋದ್ಯೋಗಿ, ಮಂಡ್ಯದ ನಾಗರಾಜ. “ನಿಮ್ಮ ಬೆವರು ನೋಡಿ ಲೀಕ್ ಅಂತ ರಿಪೋರ್ಟ್ ಮಾಡ್ತಾರೆ.”

ಹಸಿರು ಏರಿಯ ಬುಡದಲ್ಲೇ ನಿಂತಿತು, ನೆಲವೂ ಒಣಗಿಯೇ ಇತ್ತು. ಲಿಂಡಾ ಬಹಳ ಹೊತ್ತು ನೋಡಿ, “ನೀರು ಇರಲಿ,” ಎಂದರು. ಮಕ್ಕಳು ಕೈಹಾಕದಂತೆ ಒಂದು ಫಲಕ ಬರೆದಿಡಿ ಎಂದು ಹೇಳಿ ಅತಿಥಿಗಳನ್ನು ಕರೆತರಲು ಹೋದರು. ಖುಷಿಯಲ್ಲಿ ನಾವೇ ಬರೆದು ನಿಲ್ಲಿಸಿದೆವು.

ಬಾಗಿಲು ತೆರೆಯಿತು. ಸೇನೆಯ ಟೋಪಿ ಹಾಕಿದ್ದ ವೃದ್ಧರೊಬ್ಬರು ಮಾದರಿಯನ್ನು ಸುತ್ತಿದರು, ಮತ್ತೆ ಸುತ್ತಿದರು, ಬಗ್ಗಿ ಮೇಜಿನ ಅಡಿಯನ್ನೂ ನೋಡಿದರು. ಸೋರಿಯೇ ಬಿಟ್ಟಿತು ಎಂದು ನಾನು ಒರೆಸುವ ಬಟ್ಟೆ ಹಿಡಿದು ಓಡಿದೆ.

ಅವರು ಬೆರಳು ಮಾಡಿದ್ದು ಫಲಕದ ಕಡೆಗೆ. ಕೆರೆಗೆ ಇಂಗ್ಲಿಷಿನಲ್ಲಿ ಟ್ಯಾಂಕ್ ಎಂದೇ ನಮ್ಮೂರ ಕಡೆಯ ಕಾಲೇಜಿನಲ್ಲಿ ಓದಿ ಪಾಸಾದ ನಾವಿಬ್ಬರು ಎಂಜಿನಿಯರುಗಳು ದಪ್ಪಕ್ಷರದಲ್ಲಿ ಬರೆದಿದ್ದೆವು: ‘ಅಜ್ಟೆಕ್ ಟ್ಯಾಂಕ್. ಮುಟ್ಟಬೇಡಿ.’

“ಯುದ್ಧದಲ್ಲಿ ನಾನೂ ಟ್ಯಾಂಕ್ ಓಡಿಸಿದವನು,” ಎಂದರು ಅವರು, ಗೌರವದಿಂದಲೇ. “ಇವರದನ್ನು ಎಲ್ಲಿ ನಿಲ್ಲಿಸಿದ್ದೀರಿ?”